ಮುನಿಯಮ್ಮನ ಮೊಳ

ಚಾಮರಾಜಪೇಟೆ, ಬೆಂಗಳೂರು
೨೩ ಅಕ್ಟೋಬರ್ ೨೦೨೪, ಬುಧವಾರ

ಪ್ರೀತಿಯ ಸಾನ್ವಿ,

'ನಾನು ಬದುಕಿನಲ್ಲಿ ಮೊದಲು ಕಂಡ ಅಳತೆಗೋಲು ಒಬ್ಬ ಮುದುಕಿಯ ಮೊಳಕೈ...' ಬೆಳಗಿನಿಂದ ಈ ಸಾಲು ತಲೆಯೊಳಗೆ ಸುತ್ತುತ್ತಿದೆ. ಮುಂದೇನಿತ್ತೋ ಸರಿಯಾಗಿ ನೆನಪಿಲ್ಲ. 'ಅದು ಎಂದೂ ತಪ್ಪಲಿಲ್ಲ' ಎಂದಿತ್ತೋ, 'ಅದು ಯಾರಿಗೂ ಮೋಸ ಮಾಡಲಿಲ್ಲ' ಎಂದಿತ್ತೋ. ಯಾವುದಾದರೂ ಅಷ್ಟೇ, ಓದಿದವರನ್ನು ಅಳಿಸುವ ಸಾಲು. ಆದರೆ ಇವತ್ತು ಅಕ್ಕಿ ತೊಳೆಯುತ್ತಾ ನಿಂತಿದ್ದಾಗ ಅದನ್ನು ಒಂದು ಪ್ರಶ್ನೆ ಕೇಳಿದೆ. ಕೈ ತಪ್ಪದೇ ಇರುವುದು ಹೇಗೆ? ಕೈಗೆ ಮಣಿಕಟ್ಟಿದೆ, ಮಣಿಕಟ್ಟು ಮಡಚುತ್ತದೆ. ಮಡಚುವ ವಸ್ತುವಿನಿಂದ ಅಳೆದರೆ ಅಳತೆ ತಪ್ಪಲೇಬೇಕು. ಇಷ್ಟು ಸರಳವಾದದ್ದು ಬರೆದವರಿಗೂ ಹೊಳೆಯಲಿಲ್ಲ, ಓದಿ ಕಣ್ಣೊರೆಸಿಕೊಂಡ ನಿಮ್ಮ ಪ್ರೊಫೆಸರಮ್ಮನಿಗೂ ಹೊಳೆಯಲಿಲ್ಲ. ಆಕೆ ಸಂಖ್ಯಾಶಾಸ್ತ್ರದವರು ಬೇರೆ.

ಕಾಗದದ ಮೇಲೆ ಬರೆಯುತ್ತಿದ್ದೇನೆಂದು ಹೆದರಬೇಡ, ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ. ವಾಟ್ಸಾಪಿನಲ್ಲಿ ನಾನು ಹತ್ತು ಸಾಲು ಬರೆದರೆ ಎರಡನೆಯ ಸಾಲು ಮುಟ್ಟುವ ಮೊದಲೇ ನಿನ್ನಿಂದ ಒಂದು ಕೆಂಪು ಹೃದಯ ಬಂದು ಬೀಳುತ್ತದೆ. ನೀನು ಓದಿಲ್ಲ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ನೆದರ್ಲೆಂಡ್ಸಿಗೆ ಸ್ಪೀಡ್ ಪೋಸ್ಟ್ ಹತ್ತು ಹನ್ನೆರಡು ದಿನ ತೆಗೆದುಕೊಳ್ಳುತ್ತದಂತೆ. ನಿನ್ನ ಕಾರ್ಯಕ್ರಮ ನವೆಂಬರ್ ಇಪ್ಪತ್ತೆರಡಕ್ಕೆ. ಓದಿ ಯೋಚಿಸಲು ಬೇಕಾದಷ್ಟು ಸಮಯವಿದೆ.

ಹೋದ ಶುಕ್ರವಾರ ನೀನು ಕಳಿಸಿದ ಮೇಲ್ ಅನ್ನು ಮೂರು ಸಲ ಓದಿದೆ. ನಿನ್ನನ್ನು ಪರದೇಶದ ವಿದ್ಯಾರ್ಥಿಗಳ ರಾಯಭಾರಿ ಮಾಡಿದ್ದಾರೆ, ನಿನ್ನ ಫೋಟೋ ವಿಶ್ವವಿದ್ಯಾಲಯದ ಮುಖಪುಟದಲ್ಲಿದೆ, ಹೊಸದಾಗಿ ಬಂದಿಳಿದ ಮಕ್ಕಳಿಗೆ 'ಪರದೇಶದಲ್ಲಿ ಅರಳುವುದು ಹೇಗೆ' ಎಂದು ನೀನು ಭಾಷಣ ಮಾಡುತ್ತೀಯ. ಸಂತೋಷ. ಭಾಷಣದ ಹತ್ತು ಸೂತ್ರಗಳನ್ನೂ ಲಗತ್ತಿಸಿದ್ದೆ. ಒಂದನೆಯದು, ನಿಮ್ಮ ಕಥೆಯನ್ನು ಜೊತೆಯಲ್ಲಿ ತನ್ನಿ. ನಾಲ್ಕನೆಯದು, ಒಂಟಿತನ ಕಾಡಿದರೆ ಕಾರಿಡಾರಿನವರಿಗೆಲ್ಲ ಅಡುಗೆ ಮಾಡಿ ಬಡಿಸಿ. ಏಳನೆಯದು, ನಿಮ್ಮ ಬೇರುಗಳ ಬಗ್ಗೆ ಹೆಮ್ಮೆಪಡಿ. ಓದುತ್ತಾ ಓದುತ್ತಾ ನನಗೆ ಮದುವೆ ಮನೆಯಲ್ಲಿ ಹಂಚುವ ತೆಂಗಿನಕಾಯಿ ಚೀಲ ನೆನಪಾಯಿತು. ಯಾರ ಹೆಸರು ಅಚ್ಚು ಹಾಕಿದರೂ ಚೀಲ ಅದೇ.

ಇಲ್ಲಿ ಉಂಡ ತಟ್ಟೆ ಎತ್ತಿಡದಿದ್ದ ಹುಡುಗಿ ಅಲ್ಲಿ ಹದಿನಾಲ್ಕು ಜನಕ್ಕೆ ಬಿಸಿಬೇಳೆಬಾತ್ ಬಡಿಸುತ್ತಾಳೆ. ಒಳ್ಳೆಯದೇ. ಆದರೆ ಅದರ ಪುಡಿ ನಾನು ಗಾಂಧಿ ಬಜಾರಿನಲ್ಲಿ ಕಟ್ಟಿಸಿಕೊಟ್ಟದ್ದು, ನೀನು ಅವರಿಗೆ ಹೇಳಿದ ಹಾಗೆ 'ಮುತ್ತಜ್ಜಿ ಒರಳಿನಲ್ಲಿ ಕುಟ್ಟಿದ್ದು' ಅಲ್ಲ. ಸಂಸ್ಕೃತಿ ಸಂಜೆಯಲ್ಲಿ ಪ್ಲಾಸ್ಟಿಕ್ ಮಲ್ಲಿಗೆಯಲ್ಲಿ ಹೂ ಕಟ್ಟುವುದನ್ನು ಕಲಿಸಿದೆಯಂತೆ. ವಿಡಿಯೋ ನೋಡಿದೆ. ಇಪ್ಪತ್ತು ಜನ ಚಪ್ಪಾಳೆ ತಟ್ಟುತ್ತಾರೆ, ನೀನು ಹಾಕಿದ ಗಂಟು ಬಿಚ್ಚಿ ಹೂವು ನೆಲಕ್ಕೆ ಉದುರುತ್ತದೆ, ಅದಕ್ಕೂ ಚಪ್ಪಾಳೆ ತಟ್ಟುತ್ತಾರೆ. ಯಂತ್ರದಲ್ಲಿ ಹೂವನ್ನು ಹರಾಜು ಹಾಕುವ ದೇಶದವರಿಗೆ ಇಷ್ಟು ಸಾಕು ಎಂದುಕೊಂಡೆಯೇನೋ.

ಇನ್ನು ನಿನ್ನ ಕೋರಿಕೆಗೆ ಬರುತ್ತೇನೆ. ಆ ಇಮೇಲಿನ ಕೊನೆಯಲ್ಲಿ, ಮೂರು ನಗುಮುಖಗಳ ನಡುವೆ, ನೀನು ಕೇಳಿದ್ದು ಇದು: ಭಾಷಣದ ದಿನ ಬೆಂಗಳೂರಿನ ಸಂಜೆ ಏಳೂವರೆಗೆ ವಿಡಿಯೋ ಕರೆ ಬರುತ್ತದೆ. ಆಗ ನಮ್ಮ ಬೀದಿ ಮೂಲೆಯ ಹೂವಿನ ಮುನಿಯಮ್ಮ ನಮ್ಮ ನಡುಮನೆಯಲ್ಲಿ ಕುಳಿತಿರಬೇಕು. ಆಕೆಯೇ ನಿನ್ನ ಮುತ್ತಜ್ಜಿ ಎಂದು ನಾವು ಹೇಳಬೇಕು. ಪ್ರೊಫೆಸರ್ ಮಾರೈಕೆ ಆಕೆಯ ಜೊತೆ ಎರಡು ಮಾತಾಡುತ್ತಾರೆ, ಆಕೆ ಕೈಯಲ್ಲಿ ಹೂ ಅಳೆದು ತೋರಿಸುತ್ತಾಳೆ, ನಾನು ಪಕ್ಕದಲ್ಲಿ ಕುಳಿತು ಇಂಗ್ಲಿಷಿಗೆ ಹೇಳಬೇಕು. ಆಮೇಲೆ ಪ್ರೊಫೆಸರ್ ಎಲ್ಲರೆದುರು ನಿನಗೆ ಪಿಎಚ್.ಡಿ. ಸ್ಥಾನ ಘೋಷಿಸುತ್ತಾರೆ. ವಿಷಯ, ಕೈಯಳತೆಗಳ ನಿಖರತೆ. 'ಪ್ಲೀಸ್ ಅಮ್ಮ, ಒಂದೇ ಒಂದ್ಸಲ, ಹತ್ತೇ ನಿಮಿಷ' ಎಂದು ಬರೆದಿದ್ದೀಯ. ಹಲ್ಲು ಕೀಳಿಸುವಾಗ ಡಾಕ್ಟರು ಹೇಳುವುದೂ ಹೀಗೇ.

ಸಾನ್ವಿ, ನಿನ್ನ ಮುತ್ತಜ್ಜಿ ಯಾರೆಂದು ನಿನಗೆ ಗೊತ್ತು. ಗೊತ್ತಿಲ್ಲದ ಹಾಗೆ ಒಂದೂವರೆ ವರ್ಷ ನಡೆದುಕೊಂಡಿದ್ದೀಯ, ಆದ್ದರಿಂದ ಹೇಳುತ್ತೇನೆ. ಆಕೆ ಚನ್ನಬಸಮ್ಮ. ನಗರ್ತಪೇಟೆಯಲ್ಲಿ ಲೇಸು, ಗುಂಡಿ, ಜರಿ ಅಂಚುಗಳ ಸಗಟು ಅಂಗಡಿ ಇಟ್ಟ ವೃಷಭೇಂದ್ರಪ್ಪನವರ ಹೆಂಡತಿ. ನಿಮ್ಮಪ್ಪ ಈಗಲೂ ಕೂರುವ ಗದ್ದುಗೆ ಆ ತಾತನದೇ. ನಾನು ಮದುವೆಯಾಗಿ ಬಂದಾಗ ಆಕೆಗೆ ತೊಂಬತ್ತರ ಹತ್ತಿರ, ಆದರೂ ಸೊಂಟದಲ್ಲಿ ಬೀಗದ ಕೈ ಗೊಂಚಲು ಇತ್ತು. ಆಕೆ ಹೂವು ಮಾರಿದವಳಲ್ಲ, ಕೊಂಡವಳು. ಹೂವಾಡಗಿತ್ತಿ ಬಂದರೆ ಅವಳ ಕೈಯಲ್ಲಿ ಅಳೆಸುತ್ತಿರಲಿಲ್ಲ. ಅಂಗಡಿಯಲ್ಲಿ ಮೂಟೆ ಹೊರುವ ಆಳುಗಳಲ್ಲಿ ಉದ್ದ ಕೈಯವನು ಯಾರೋ ಅವನನ್ನು ಕರೆಸಿ, ಅವನ ಮೊಳದಲ್ಲಿ ಅಳೆಸಿ, ಒಂದು ಮೊಳದ ಬೆಲೆಗೆ ಒಂದೂಕಾಲು ಮೊಳ ತೆಗೆದುಕೊಳ್ಳುತ್ತಿದ್ದರು. ನಿನ್ನ ಏಳನೆಯ ಸೂತ್ರದ ಬೇರು ಇದು. ಇದರ ಬಗ್ಗೆ ಹೆಮ್ಮೆಪಟ್ಟು ಅಲ್ಲಿ ಭಾಷಣ ಮಾಡು, ನೋಡೋಣ.

ಈಗ ನಾನು ನ್ಯಾಯಾಧೀಶೆಯ ಹಾಗೆ ಬರೆಯುತ್ತಿದ್ದೇನೆ ಎಂದು ನಿನಗೆ ಕೋಪ ಬಂದಿರುತ್ತದೆ. ಬರಲಿ. ಮೊಳಕೈಯ ಆ ಸಾಲನ್ನು ಬರೆದವರು ಯಾರೆಂದು ನಮ್ಮಿಬ್ಬರಿಗೂ ಗೊತ್ತು. ಆದರೆ ಹೇಗೆ ಬರೆದೆ ಎನ್ನುವುದು ನಿನಗೆ ಪೂರ್ತಿ ಗೊತ್ತಿಲ್ಲ.

ಮಕ್ಕಳನ್ನು ವಿದೇಶಕ್ಕೆ ಓದಲು ಕಳಿಸುವ ನಂದೀಶನ, ಗಾಂಧಿ ಬಜಾರಿನ ಮಹಡಿ ಮೇಲಿನ ಆಫೀಸು ನೆನಪಿದೆಯಲ್ಲ, ಗೋಡೆಯ ತುಂಬ ವಿಮಾನದ ಚಿತ್ರಗಳು, ವಿದೇಶಕ್ಕೆ ಹೋದ ಮಕ್ಕಳ ಫೋಟೋಗಳು. ನೀನು ಬರೆದ ಎಸ್‌ಒಪಿ, ಅದೇ ಈ ಕೋರ್ಸನ್ನು ಯಾಕೆ ಓದಬೇಕು ಎಂದು ವಿಶ್ವವಿದ್ಯಾಲಯಕ್ಕೆ ಬರೆದುಕೊಡುವ ಪ್ರಬಂಧ, ಅವನ ಮೇಜಿನ ಮೇಲಿತ್ತು. 'ಬಾಲ್ಯದಿಂದಲೂ ಅಂಕಿಗಳೆಂದರೆ ನನಗೆ ಪ್ರಾಣ' ಎಂದು ಶುರುವಾಗಿತ್ತು. ನೀನು ಫಾರ್ಮಿಗೆ ಫೋಟೋ ತೆಗೆಸಲು ಕೆಳಗಿಳಿದು ಹೋಗಿದ್ದೆ. ನಂದೀಶ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು, ಹಳಸಿದ ಅನ್ನ ಮೂಸುವವರ ಮುಖ ಮಾಡಿ, 'ಮೇಡಂ, ಇದ್ರಲ್ಲಿ ಕಷ್ಟಾನೇ ಇಲ್ವಲ್ಲ' ಎಂದ. ಏನು ಕಷ್ಟ ಎಂದೆ. 'ಅವ್ರಿಗೆ ಕಷ್ಟ ಬೇಕು ಮೇಡಂ. ಮಾರ್ಕ್ಸು ಎಲ್ರಿಗೂ ಇರುತ್ತೆ. ನಿಮ್ಮನೇಲಿ ಯಾರಾದ್ರೂ ಬಡವ್ರು ಇದ್ರಾ? ತೀರ ಹತ್ರದವ್ರೇ ಆಗ್ಬೇಕು ಅಂತಿಲ್ಲ, ಅಜ್ಜಿ, ಮುತ್ತಜ್ಜಿ, ಯಾರಾದ್ರೂ ನಡೆಯುತ್ತೆ' ಎಂದ. ಸಂಬಂಧ ಕುದುರಿಸುವವರು ಹುಡುಗನ ಕಡೆ ಆಸ್ತಿ ವಿಚಾರಿಸುವ ಹಾಗೆ ನಮ್ಮ ಬಡತನ ವಿಚಾರಿಸಿದ. ಇಲ್ಲವಲ್ಲಪ್ಪ ಎಂದೆ. ಅವನು ನಿಜವಾಗಿ ನೊಂದುಕೊಂಡು, 'ಛೆ, ಏನ್ ಮೇಡಂ ನೀವು' ಎಂದ.

ಅವನನ್ನು ಅಷ್ಟು ಹೀನವಾಗಿ ಕಂಡವಳು ಏನು ಮಾಡಿದೆ ಗೊತ್ತೇ? ಮನೆಗೆ ಬಂದು, ಊಟದ ಮೇಜಿನ ಮುಂದೆ ಕುಳಿತು, ಒಂದು ಮಧ್ಯಾಹ್ನದಲ್ಲಿ ಮುನಿಯಮ್ಮನನ್ನು ನಿನ್ನ ಮುತ್ತಜ್ಜಿ ಮಾಡಿದೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ನಸುಕಿಗೇ ಬುಟ್ಟಿ ಹೊತ್ತು ನಿಂತ ಮುತ್ತಜ್ಜಿ. ಅಕ್ಷರ ಬಾರದ ಮುತ್ತಜ್ಜಿ. ಅವಳ ಮೊಳಕೈ, ಅದರ ಮೇಲಿನ ಹಚ್ಚೆಯ ಚುಕ್ಕಿಗಳು, ಆ ಚುಕ್ಕಿಗಳನ್ನು ಎಣಿಸುತ್ತಾ ಅಂಕಿ ಕಲಿತ ಮರಿಮಗಳು. ನಿನಗೆ ಕೊಟ್ಟಾಗ 'ನಿನ್ನದನ್ನೇ ಸ್ವಲ್ಪ ತಿದ್ದಿದ್ದೇನೆ' ಎಂದೆ. ನೀನು ಓದಿ 'ಅಮ್ಮ, ಸೂಪರ್' ಎಂದೆ. ನಂದೀಶ ತನ್ನ ಆಫೀಸಿನ ಹುಡುಗಿಯರನ್ನೆಲ್ಲ ಕರೆದು ಗಟ್ಟಿಯಾಗಿ ಓದಿ ಹೇಳಿದನಂತೆ, ಒಬ್ಬಳು ಅತ್ತಳಂತೆ.

ಎಂ.ಎ. ಓದುವಾಗಿನಿಂದ ನಾನು ಕವಿತೆ ಬರೆಯುತ್ತಿದ್ದೇನೆಂದು ನಿನಗೆ ಗೊತ್ತು. ಗೋದ್ರೆಜ್ ಬೀರುವಿನ ಕೆಳಗಿನ ಅರೆಯಲ್ಲಿ ನಾಲ್ಕು ನೋಟ್‌ಬುಕ್ಕುಗಳಿವೆ. ನಿಮ್ಮಪ್ಪ ಒಂದನ್ನು ತೆರೆದು, ಐದನೆಯ ಸಾಲಿಗೆ ಬರುವಷ್ಟರಲ್ಲಿ ಜಿ.ಎಸ್.ಟಿ. ವಿಷಯ ಮಾತಾಡಿದ್ದರು. ಪತ್ರಿಕೆಗಳಿಂದ ಉತ್ತರ ಬರಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ನಾನು ಬರೆದದ್ದನ್ನು ಓದಿ ಒಬ್ಬರು ಅತ್ತದ್ದು ಅದೊಂದೇ, ಅದೂ ಸುಳ್ಳಿಗೆ, ಅದೂ ಇಂಗ್ಲಿಷಿನಲ್ಲಿ, ಅದೂ ನಂದೀಶನ ಆಫೀಸಿನಲ್ಲಿ. ಆದರೂ ನನಗೆ ಹೆಮ್ಮೆಯಾಯಿತು, ಮಗಳೇ. ನಿನಗೆ ಸೀಟು ಸಿಕ್ಕಿದ ದಿನ ಎಲ್ಲರೂ ನಿನ್ನನ್ನು ಅಭಿನಂದಿಸುತ್ತಿದ್ದರೆ ನಾನು ಒಳಗೊಳಗೇ ಹಾರ ಹಾಕಿಸಿಕೊಳ್ಳುತ್ತಿದ್ದೆ. ಬರೆದದ್ದು ಅದೊಂದೇ. ಆಮೇಲೆ ನಂದೀಶನ ಮೆಟ್ಟಿಲು ನಾನು ಹತ್ತಿಲ್ಲ.

ಮೊದಲ ಮೂರು ತಿಂಗಳು ನೀನು ಏನಾಗಿದ್ದೆ ಎನ್ನುವುದನ್ನು ನಾನು ಮರೆತಿಲ್ಲ. ಹಾಸ್ಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಮೆಷಿನ್ನಿನ ಮೇಲೆ ಕುಳಿತು ಫೋನು ಮಾಡುತ್ತಿದ್ದೆ, ಹಿಂದೆ ಗಿರಗಿರ ಸದ್ದು. 'ಇಲ್ಲಿ ಯಾರೂ ನನ್ನ ಏನೂ ಕೇಳಲ್ಲ ಅಮ್ಮ' ಎನ್ನುತ್ತಿದ್ದೆ. ನಾನು ಬಾಯಿಗೆ ಬಂದ ಸಮಾಧಾನ ಹೇಳಿ, ಫೋನಿಟ್ಟು, ಹಿತ್ತಲಿಗೆ ಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಹಿಂಡುತ್ತಿದ್ದೆ. ಆಮೇಲೆ ಒಂದು ದಿನ ವಿಭಾಗದ ಚಹಾ ಕೂಟದಲ್ಲಿ, ಪ್ರವೇಶದ ಅರ್ಜಿಗಳನ್ನು ಓದಿದ್ದ ಮಾರೈಕೆ ನಿನ್ನನ್ನು ಗುರುತು ಹಿಡಿದು 'ಓ, ಆ ಮುತ್ತಜ್ಜಿಯ ಮೊಳಕೈ ನೀನೇನಾ' ಎಂದರಂತೆ. ಅವತ್ತು ರಾತ್ರಿಯ ನಿನ್ನ ದನಿ ನನಗೆ ಈಗಲೂ ಕೇಳುತ್ತದೆ. ಒಂದೂವರೆ ಗಂಟೆ ಒಂದೇ ಸಮ ಮಾತಾಡಿದೆ. ಒಣಗುತ್ತಿದ್ದ ಗಿಡಕ್ಕೆ ನೀರು ಬಿದ್ದದ್ದು ನಾನು ಕಿವಿಯಾರೆ ಕೇಳಿದೆ, ಅದಕ್ಕೇ ಸುಮ್ಮನಿದ್ದೆ. ಮುತ್ತಜ್ಜಿ ಅಲ್ಲಿಂದ ಬೆಳೆಯುತ್ತಾ ಹೋದಳು. ಮೊದಲು ಅವಳಿಗೆ ಬಿಸಿಬೇಳೆಬಾತ್ ಬಂತು, ಆಮೇಲೆ ಗಾದೆಗಳು ಬಂದವು, ಮೊನ್ನೆ ನೋಡಿದರೆ ಪರಿಸರ ಪ್ರಜ್ಞೆಯೂ ಬಂದಿದೆ.

ನಿಮ್ಮಪ್ಪನ ಕಥೆ ಕೇಳು. ನಿನ್ನ ಫೋಟೋದ ಕೆಳಗೆ ಬೀದಿ ಬದಿ ಹೂ ಮಾರುವವಳ ಮರಿಮಗಳು ಎಂದು ಬರೆದಿದ್ದನ್ನು ಪಕ್ಕದ ಅಂಗಡಿಯವರ ಮಗ ಫೋನಿನಲ್ಲಿ ನೋಡಿದ್ದಾನೆ. ಇಡೀ ಸಾಲು ಅಂಗಡಿಗೆ ಸುದ್ದಿ. 'ಏನ್ ಶಶಿಕಿರಣ್ ಅವ್ರೇ, ನಿಮ್ಮಜ್ಜಿ ಹೂ ಮಾರ್ತಿದ್ರಂತೆ, ನಮ್ಗೆ ಹೇಳ್ಲೇ ಇಲ್ಲ' ಎಂದು ಯಾರೋ ಕೇಳಿದ್ದಾರೆ. ಎರಡು ದಿನ ಮನೆಯಲ್ಲಿ ಬೆಂಕಿ. ವೃಷಭೇಂದ್ರಪ್ಪನವರ ವಂಶ, ನಾಲ್ಕು ತಲೆಮಾರಿನ ಮರ್ಯಾದೆ, ಮಠಕ್ಕೆ ಕೊಟ್ಟ ಬೆಳ್ಳಿ, ಎಲ್ಲ ಹೊರಬಂತು. ಮೂರನೆಯ ದಿನ ಪಿಎಚ್.ಡಿ. ವಿಷಯ ಹೇಳಿದೆ. ಒಬ್ಬಟ್ಟು ತಿನ್ನುತ್ತಿದ್ದವರು ಇನ್ನೊಂದಕ್ಕೆ ತುಪ್ಪ ಹಾಕಿಕೊಂಡು, 'ಹೋಗ್ಲಿ ಬಿಡು, ಹೂವೇ ತಾನೆ, ಮೀನೇನಲ್ವಲ್ಲ' ಎಂದರು. ನಾಲ್ಕು ತಲೆಮಾರಿನ ಮರ್ಯಾದೆಯ ಉದ್ದ ಎಷ್ಟು ಎಂದು ಅವತ್ತು ತಿಳಿಯಿತು.

ನಿನ್ನ ಪ್ರೊಫೆಸರಮ್ಮನಿಗೂ ಒಂದು ಮಾತು. ನೀನು ಕೊಟ್ಟ ಮುನಿಯಮ್ಮನ ಫೋಟೋದ ಕೆಳಗೆ ಆಕೆ ವಯಸ್ಸು ಎಪ್ಪತ್ತೆಂದು ಬರೆದುಕೊಂಡಿದ್ದಾರೆ. ನಿನಗೆ ಇಪ್ಪತ್ತಮೂರು. ನಡುವೆ ನಲವತ್ತೇಳು ವರ್ಷ, ಅದರಲ್ಲಿ ಮೂರು ಹೆರಿಗೆ ಆಗಬೇಕು. ಲೆಕ್ಕ ಹಾಕಿದರೆ ನಿಮ್ಮಪ್ಪ ಹೈಸ್ಕೂಲಿನಲ್ಲಿದ್ದಾಗಲೇ ನೀನು ಹುಟ್ಟಿರಬೇಕು. ಸಂಖ್ಯೆಯಲ್ಲೇ ಕೂದಲು ಬೆಳ್ಳಗಾದ ಹೆಂಗಸಿಗೆ ಇದು ಕಾಣಲಿಲ್ಲವೆಂದರೆ, ಕಾಣುವುದು ಬೇಕಿರಲಿಲ್ಲ. ನಮ್ಮಂಥವರು ಹೀಗೇ ಇರುತ್ತಾರೆ ಎಂದು ಆಕೆ ಮೊದಲೇ ತೀರ್ಮಾನಿಸಿದ್ದರು. ನಾವು ಅವರ ತೀರ್ಮಾನದ ಅಳತೆಗೆ ಒಬ್ಬ ಮುದುಕಿಯನ್ನು ಹೊಲಿಸಿಕೊಟ್ಟೆವು.

ಇಷ್ಟೆಲ್ಲ ಹೀಯಾಳಿಸಿದ ಮೇಲೂ ನಾನು ಸೋಮವಾರ ಸಂಜೆ ಮುನಿಯಮ್ಮನ ಹತ್ತಿರ ಹೋದೆ. ನಿನಗಾಗಿ ಹೋದೆ, ಅದನ್ನು ಮುಚ್ಚಿಡುವುದಿಲ್ಲ. ಗುಡಿಗೆ ಹೋಗುವವರ ಗದ್ದಲ ಮುಗಿದಿತ್ತು. ಇಪ್ಪತ್ತನಾಲ್ಕು ವರ್ಷ ದಿನವೂ ಹೂ ಕೊಂಡವಳು, ಅವತ್ತು ಮೊದಲ ಸಲ ಅವಳ ಪಕ್ಕದ ಕಲ್ಲಿನ ಮೇಲೆ ಕುಳಿತೆ. ವಿಷಯ ಬಿಟ್ಟು ಹೂವಿನ ಬೆಲೆ ಕೇಳಿದೆ. ಅವಳೇ 'ಏನಮ್ಮಾ, ಗಂಡನ್ ಜೊತೆ ಜಗಳಾನಾ?' ಎಂದು ಕೇಳಿದಳು. ಹೇಳಿದೆ. ನಿನ್ನ ಓದು, ಪ್ರಬಂಧ, ಮುತ್ತಜ್ಜಿ, ವಿಡಿಯೋ, ಎಲ್ಲ. ಬೈಯುತ್ತಾಳೆ, ಅಳುತ್ತಾಳೆ, ಬಡವರನ್ನು ಹೀಗೂ ಬಳಸಿಕೊಳ್ಳುತ್ತೀರಾ ಎನ್ನುತ್ತಾಳೆ ಎಂದು ತಲೆತಗ್ಗಿಸಿ ಕುಳಿತಿದ್ದೆ. ನನ್ನ ಪ್ರಬಂಧದ ಮುನಿಯಮ್ಮ ಖಂಡಿತ ಹಾಗೆ ಹೇಳುತ್ತಿದ್ದಳು.

ಈ ಮುನಿಯಮ್ಮ ನಕ್ಕಳು. ಎಲೆಯಡಿಕೆ ಗಂಟಲಿಗೆ ಸಿಕ್ಕಿ ಕೆಮ್ಮು ಬರುವಷ್ಟು ನಕ್ಕಳು. ಆಮೇಲೆ ಒಂದೊಂದೇ ಅನುಮಾನ ಪರಿಹರಿಸಿಕೊಂಡಳು. ಈ ಮುತ್ತಜ್ಜಿಗೆ ಗಂಡ ಇದ್ದಾನೋ ಇಲ್ಲವೋ, ಕುಂಕುಮ ಇಡಬೇಕೋ ಬೇಡವೋ. ಸೀರೆ ಅವಳದೋ ನಮ್ಮದೋ. ಕಾಫಿ ಕೊಡುತ್ತೇವೋ ಇಲ್ಲವೋ. ಕೊನೆಗೆ, 'ಅಲ್ಲಮ್ಮಾ, ನಾನು ಆ ಮಗೀಗೆ ಮುತ್ತಜ್ಜಿ ಅಂದ್ರೆ ನಿಮ್ ಯಜಮಾನ್ರು ನಂಗೆ ಮೊಮ್ಮಗ ಆಗ್ಬೇಕಲ್ವಾ? ಹಂಗಾದ್ರೆ ಅವ್ರ್‌ನ ಒಂದ್ಕಿತ ಕಾಲಿಗ್ ಬೀಳ್ಸಿ. ದಿನಾ ಸ್ಕೂಟರ್ ತಂದು ನನ್ ಬುಟ್ಟಿ ಮೇಲೇ ಹತ್ತುಸ್ತಾರೆ' ಎಂದಳು.

ನನಗೂ ನಗು ಬಂತು. ಸುಳ್ಳು ಹೇಳುವುದಕ್ಕೆ ನಿನಗೆ ಬೇಸರವಿಲ್ಲವೇ ಎಂದು ಕೇಳಿದೆ. 'ಸುಳ್ಳೇನಮ್ಮಾ ಹೊಸದಾ, ನಿನ್ನೇ ಹೂವಾ ಈಗ್ ತಾನೇ ಕಿತ್ತಿದ್ದು ಅಂತ ನಿಮ್ಗೇ ಎಷ್ಟ್ ಕಿತ ಮಾರಿಲ್ಲ' ಎಂದಳು. ಸರಿ, ಮುಗಿಯಿತು, ನನ್ನ ಮಗಳ ಕೆಲಸ ಆಯಿತು ಎಂದುಕೊಂಡು ಎದ್ದೆ. ಏಳುತ್ತಾ, ಆ ಪ್ರೊಫೆಸರ್ ನಿನ್ನ ಮೊಳದ ಬಗ್ಗೆ ಕೇಳುತ್ತಾರೆ, ಅದು ಯಾವತ್ತೂ ತಪ್ಪಿಲ್ಲ ಎಂದುಬಿಡು ಎಂದೆ.

ಆಗ ಅವಳ ಮುಖ ಬದಲಾಯಿತು. 'ಅದ್ಯಾಕ್ ಹಂಗಂತೀನಿ?' ಎಂದಳು. ಕೈ ಚಾಚಿ ತೋರಿಸಿದಳು. ಬೆರಳು ನೆಟ್ಟಗೆ ಚಾಚಿದರೆ ಒಂದು ಮೊಳ. ಬೆರಳ ತುದಿ ಒಳಗೆ ಬಾಗಿಸಿದರೆ ಇನ್ನೊಂದು. ಮಣಿಕಟ್ಟು ಚೂರು ಮಡಚಿ, ಮೊಣಕೈಯ ಹತ್ತಿರ ಹೆಬ್ಬೆರಳಲ್ಲಿ ಹೂವನ್ನು ಒತ್ತಿ ಹಿಡಿದರೆ ಮತ್ತೊಂದು. ಚೌಕಾಸಿ ಮಾಡುವವರಿಗೆ ಮೂರನೆಯದು. ಕಾರಿನೊಳಗಿಂದಲೇ ಕೇಳುವವರಿಗೂ ಅದೇ. ಪರೀಕ್ಷೆಗೆ ಹೋಗುವ ಹುಡುಗಿಯರಿಗೆ, ಬಸುರಿಯರಿಗೆ ಮೊದಲನೆಯದು, ಅದರ ಮೇಲೆ ನಾಲ್ಕು ಬೆರಳು ಜಾಸ್ತಿ. ಅವರವರ ಮುಖ ನೋಡಿ ಕೈ ತಾನೇ ಉದ್ದ ಆಗುತ್ತದೆ, ಗಿಡ್ಡ ಆಗುತ್ತದೆ ಎಂದಳು. 'ಐವತ್ತ್ ವರ್ಸ ಆಯ್ತಮ್ಮಾ ಇದ್ ಕಲ್ಯಕ್ಕೆ. ತಪ್ಪೇ ಇಲ್ಲ ಅಂದ್ರೆ ನನ್ ಕಸುಬೇ ಇಲ್ಲ ಅಂದಂಗಾಯ್ತು. ಮುತ್ತಜ್ಜಿ ಅಂತೀರಾ, ಆಯ್ತು, ಅದೇನ್ ಮಹಾ. ಮೊಳದ್ ವಿಸ್ಯ ಕೇಳಿದ್ರೆ ಮಾತ್ರ ನಾನ್ ಇರಾದೇ ಹೇಳಾದು.'

ನನಗೆ ಯಾವ ಮೊಳ ಕೊಡುತ್ತಿದ್ದೆ ಎಂದು ಕೇಳಬಾರದಿತ್ತು, ಕೇಳಿದೆ. ಅವಳು ನಾಚಿಕೊಂಡು, 'ನೀವು ಮೊದ್ಲು ಕೆಲ್ಸಕ್ ಹೋಗ್ತಿದ್ರಲ್ಲ, ಆಗ ಒಂದ್ನೇದು. ಬಿಟ್ಮೇಲೆ ಎಲ್ದಕ್ಕೂ ಮೂತಿ ತಿರುವ್ಕೊಂಡು ಬರಕ್ ಸುರು ಮಾಡುದ್ರಿ. ಆವತ್ತಿಂದ ಮೂರ್ನೇದು' ಎಂದಳು.

ಸಾನ್ವಿ, ನಿನ್ನ ಪ್ರೊಫೆಸರಿಗೆ ಒಂದು ಸಂಶೋಧನಾ ವಿಷಯ ಬೇಕಿತ್ತಲ್ಲ, ಅದು ಆ ಕಲ್ಲಿನ ಮೇಲೆ ಕುಳಿತಿದೆ. ತಪ್ಪದ ಮೊಳವಲ್ಲ, ಮುಖ ನೋಡಿ ತಪ್ಪುವ ಮೊಳ. ಯಾರಿಗೆ ಎಷ್ಟು ತಪ್ಪಬೇಕೆಂದು ಬಲ್ಲ ಮೊಳ. ನಾನು ನನ್ನ ಚಂದದ ಸಾಲಿಗಾಗಿ ಆ ಹೆಂಗಸಿನ ಐವತ್ತು ವರ್ಷದ ಬುದ್ಧಿಯನ್ನು ಒರೆಸಿ ಹಾಕಿ, ಅವಳ ಕೈಯನ್ನು ಕಬ್ಬಿಣದ ಸಲಾಕೆ ಮಾಡಿದೆ. ನಂದೀಶನಿಗಿಂತ ನಾನು ಕೆಳಗಿನವಳು. ಅವನು ಬರೀ ಕಷ್ಟ ಕೇಳಿದ, ನಾನು ಕಷ್ಟಕ್ಕೆ ಸೌಂದರ್ಯವನ್ನೂ ಹಚ್ಚಿಕೊಟ್ಟೆ.

ಆದ್ದರಿಂದ ನನ್ನ ತೀರ್ಮಾನ ಕೇಳು. ಇಪ್ಪತ್ತೆರಡನೇ ತಾರೀಖು ಏಳೂವರೆಗೆ ಮುನಿಯಮ್ಮ ನಮ್ಮ ನಡುಮನೆಯಲ್ಲಿ ಇರುತ್ತಾಳೆ. ಅವಳದೇ ಸೀರೆ, ಅವಳದೇ ಹೆಸರು. ಕಾಫಿ ನಾನೇ ಕೊಡುತ್ತೇನೆ. ಅವಳು ಮೂರು ಮೊಳಗಳನ್ನೂ ತೋರಿಸುತ್ತಾಳೆ, ಅವಳು ಹೇಳಿದ್ದನ್ನೆಲ್ಲ ನಾನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ಹೇಳುತ್ತೇನೆ. ಅವಳು ನಿನಗೆ ಏನಾಗಬೇಕು ಎಂದು ಪ್ರೊಫೆಸರ್ ಕೇಳಿದರೆ, ನಮ್ಮ ಮನೆಗೆ ಹೂ ಕೊಡುವವಳು ಎಂದು ಹೇಳುತ್ತೇನೆ. ಅಷ್ಟರೊಳಗೆ ನೀನೇ ಮಾರೈಕೆಯವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನಿಜ ಹೇಳಿದ್ದರೆ ಒಳ್ಳೆಯದು. ಹೇಳಿಲ್ಲದಿದ್ದರೆ ಎಲ್ಲರೆದುರು ಗೊತ್ತಾಗುತ್ತದೆ. ಕರೆಯೇ ಬೇಡ ಎಂದು ರದ್ದು ಮಾಡುವ ದಾರಿ ನಿನಗಿದೆ. ಆಗ ನಾನು ಅವರಿಗೆ ಮೇಲ್ ಬರೆಯುತ್ತೇನೆ. ಅವರ ವಿಳಾಸ ನಿಮ್ಮ ಮುಖಪುಟದಲ್ಲೇ ಇದೆ, ನಿನ್ನ ನಗುವಿನ ಎರಡು ಇಂಚು ಕೆಳಗೆ.

ಸ್ಥಾನ ಹೋಗಬಹುದು. ರಾಯಭಾರಿ ಪಟ್ಟ ಖಂಡಿತ ಹೋಗುತ್ತದೆ. ಹದಿನಾಲ್ಕು ಜನರಲ್ಲಿ ಎಷ್ಟು ಜನ ಮತ್ತೆ ಊಟಕ್ಕೆ ಬರುತ್ತಾರೋ ಗೊತ್ತಿಲ್ಲ. ನೀನು ಮತ್ತೆ ಆ ಬಟ್ಟೆ ಒಗೆಯುವ ಕೋಣೆಯಿಂದ ಫೋನು ಮಾಡಬಹುದು, ನಾನು ಮತ್ತೆ ಒಗೆದ ಬಟ್ಟೆಯನ್ನೇ ಹಿಂಡಬಹುದು. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಹೋದ ಮೇ ತಿಂಗಳಲ್ಲಿ, ಆ ಊರಿನ ಟ್ರಾಮುಗಳು ತಡವಾಗುವುದರ ಮೇಲೆ ನೀನು ಮಾಡಿದ ಕೆಲಸಕ್ಕೆ ತರಗತಿಯಲ್ಲೇ ಹೆಚ್ಚು ಅಂಕ ಬಂತಲ್ಲ, ಅದರಲ್ಲಿ ಯಾವ ಮುತ್ತಜ್ಜಿಯೂ ಇರಲಿಲ್ಲ. ಹನ್ನೊಂದು ದಿನ ಚಳಿಯಲ್ಲಿ ನಿಲ್ದಾಣದಲ್ಲಿ ನಿಂತು ನೀನೇ ಗಡಿಯಾರ ನೋಡಿದ್ದೆ. ನನಗೆ ಫೋನಿನಲ್ಲಿ ಅದನ್ನು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಿದೆ, ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ ಎನ್ನುವ ಹಾಗೆ. ನೀನು ಕಳಿಸಿದ ಹತ್ತು ಸೂತ್ರಗಳಲ್ಲೂ ಆ ಹನ್ನೊಂದು ದಿನ ಇಲ್ಲ. ಹೊಸದಾಗಿ ಬಂದ ಮಕ್ಕಳಿಗೆ ಬೇಕಾದದ್ದು ಅದೇ ಎಂದು ನನಗನ್ನಿಸುತ್ತದೆ.

ಕೋಪ ಬಂದರೆ ಬೈದು ಬರೆ. ಹೃದಯ ಮಾತ್ರ ಕಳಿಸಬೇಡ.

ಹೊಟ್ಟೆ ತುಂಬ ಊಟ ಮಾಡು. ಸ್ವೆಟರನ್ನು ಫೋಟೋಗೆ ಮಾತ್ರ ಹಾಕಿಕೊಳ್ಳದೆ ಚಳಿಗೂ ಹಾಕಿಕೋ.

ನಿನ್ನ ಸುಳ್ಳಿನ ತಾಯಿ, ನಿಜವಾದ ಅಮ್ಮ,
ಯಮುನಾ

ಮ.ತಾ.ಕ.: ಇದರ ಜೊತೆ ಇನ್ನೊಂದು ಹಾಳೆ ಇದೆ, ಇಂಗ್ಲಿಷಿನಲ್ಲಿ. ಮಾರೈಕೆಯವರಿಗೆ ಕೊಡುವುದಕ್ಕೆ. ಆ ಪ್ರಬಂಧವನ್ನು ಬರೆದವಳು ನಾನು, ಮಗಳಲ್ಲ ಎಂದು ಬರೆದು ಸಹಿ ಹಾಕಿದ್ದೇನೆ. ನಿನ್ನ ಮಾತಿಗೆ ಆಧಾರವಾಗಿ ಇರಲಿ. ಅದರಲ್ಲಿ 'ನಾನು ಬರೆದುಕೊಟ್ಟದ್ದು ಇದೊಂದೇ' ಎಂಬ ಸಾಲಿತ್ತು, ಈಗ ಅದನ್ನು ಹೊಡೆದು 'ಒಟ್ಟು ನಾಲ್ಕು' ಎಂದು ತಿದ್ದಿದ್ದೇನೆ. ನಿನಗೆ ಬರೆದ ಮೇಲಿನ ಸಾಲನ್ನು ತಿದ್ದಿಲ್ಲ, ನಿನ್ನಮ್ಮ ಎಷ್ಟು ಸಲೀಸಾಗಿ ಬರೆಯಬಲ್ಲಳು ಎಂದು ನೀನೇ ನೋಡು. ದುಡ್ಡು ತೆಗೆದುಕೊಳ್ಳಲಿಲ್ಲ. ಯಾರಾದರೂ ಓದಿ ಅಳಲಿ ಎಂದು ಬರೆದೆ, ಅದು ಇನ್ನೂ ನಾಚಿಕೆಗೇಡು. ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಎದುರು ಮನೆಯ ಶೈಲಜಮ್ಮ ಬಂದಿದ್ದರು. ಅವರ ಮೊಮ್ಮಗಳು ತೇಜಶ್ರೀ ಬರುವ ವರ್ಷ ಜರ್ಮನಿಗೆ ಹೋಗುತ್ತಾಳಂತೆ. ಒಳಗೆ ಬನ್ನಿ ಎಂದರೂ ಬರಲಿಲ್ಲ, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಹೇಳಿದರು: 'ಯಮುನಾ, ಹೂವಿನವ್ಳನ್ನ ನಿಮ್ ಸಾನ್ವಿಗೆ ಹಾಕ್ಬಿಟ್ರಿ, ಇಸ್ತ್ರಿಯವ್ನನ್ನ ಪಕ್ಕದ್ಮನೆ ಅನಿರುದ್ಧಂಗೆ ಕೊಟ್ರಂತೆ, ಚಪ್ಪಲಿ ಹೊಲಿಯೋನೂ ಖರ್ಚಾದ, ಹಾಲಿನವ್ನೂ ಖರ್ಚಾದ ಅಂತ ನಂದೀಶ್ ಹೇಳಿದ್ರು. ನಮ್ ತೇಜುಗೆ ಈ ಬೀದೀಲಿ ಇನ್ಯಾರನ್ನ ಉಳಿಸಿದೀರಾ?'